ಗುಲಗಂಜಿ ತೂಕ

ಬೆಳಿಗ್ಗೆ ಆರಕ್ಕೇ ಶಟರು ಬಡಿದ
ಪಿಳ್ಳಪ್ಪನ ಮನೆಯ ಆಳು, ಬರಿಗಾಲು.
"ಚೂರು ಚಿನ್ನ ಬೇಕು ಆಚಾರ್ರೇ, ಬಾಯಿಗಿಡೋಕೆ.
ಬೀರುಗಳಿಗೆಲ್ಲ ಅರಗಿನ ಮೊಹರು.
ಅಮ್ಮನ ತಾಳಿ ಬಿಟ್ಟಿದ್ದಾರೆ,
ಅದನ್ನ ಕೇಳೋ ಧೈರ್ಯ ಯಾರಿಗಿದೆ?"

ನಗರತ್‌ಪೇಟೆಗೆ ಇನ್ನೂ ನಿದ್ದೆ.
ನಮ್ಮ ಓಣಿಯ ಧೂಳನ್ನೂ ದುಡ್ಡು ಕೊಟ್ಟು ಒಯ್ಯುವವರಿದ್ದಾರೆ,
ಅವರೂ ಬಂದಿರಲಿಲ್ಲ.

ನನಗಾಗ ಒಂಬತ್ತು ವರ್ಷ.
ಪಕ್ಕದ ಹತ್ತಿ ಮಂಡಿಯ ಕಿಡಿ ನಮ್ಮ ಜಂತೆಗೆ ಹಾರಿತ್ತು.
ಫೈರ್ ಇಂಜಿನ್ನು ಅವೆನ್ಯೂ ರಸ್ತೆಯ ತಿರುವಿನಲ್ಲಿ ಸಿಕ್ಕಿಕೊಂಡು
ಸುಮ್ಮನೆ ಗಂಟೆ ಬಾರಿಸುತ್ತಿತ್ತು.
ಪಿಳ್ಳಪ್ಪನ ಟ್ಯಾಂಕರು ಹೇಗೋ ಒಳಗೆ ಬಂದಿದ್ದವು,
ಒಂದಲ್ಲ, ಮೂರು.
ಬಿಳಿ ಪಂಚೆ, ಕಂಕುಳಲ್ಲಿ ಛಾಪಾಕಾಗದ.
"ನೀರು ಬಿಡಿಸಪ್ಪಾ" ಅಂದ ಅಪ್ಪ.
"ಬಿಡಿಸೋಣ. ಜಾಗ ಎಷ್ಟಕ್ಕೆ ಬಿಡ್ತೀರ?"

ಎಂಬತ್ತು ಸಾವಿರ ಅಂದಾಗ ಮಾಡು ಇತ್ತು.
ಐವತ್ತು ಅಂದಾಗ ಅಟ್ಟ ಬಿತ್ತು,
ಅಜ್ಜನ ಅಚ್ಚುಗಳ ಪೆಟ್ಟಿಗೆಯ ಸಮೇತ.
ಹನ್ನೆರಡಕ್ಕೆ ಅಪ್ಪ ಹೆಬ್ಬೆಟ್ಟು ಒತ್ತಿದ.
ಸಹಿ ಬರುತ್ತಿತ್ತು ಅವನಿಗೆ,
ಕೈ ನಿಲ್ಲುತ್ತಿರಲಿಲ್ಲ.
ಆಮೇಲೆ ಬಂತು ನೀರು. ಬೇಕಾದಷ್ಟು.
ಓಣಿಯ ಮಕ್ಕಳೆಲ್ಲ ಅದರಲ್ಲಿ ಆಡಿದೆವು.

ಕೆಟ್ಟವನೆನ್ನಲೇ?
ಸುಟ್ಟ ಗೋಡೆಯ ಮೂಲೆಯಲ್ಲಿ ನಮಗೇ ಮಳಿಗೆ ಕೊಟ್ಟ, ಬಾಡಿಗೆಗೆ.
ನನ್ನ ಮದುವೆಗೆ ಬಂದು ನೂರೊಂದು ಮುಯ್ಯಿ ಮಾಡಿ
ಸಾರಿಗೆ ಉಪ್ಪು ಕಮ್ಮಿ ಅಂದ.
ಸಾಲ ಕೇಳಿದವರಿಗೆ ಇಲ್ಲ ಅಂದವನಲ್ಲ, ಬಡ್ಡಿ ಕೇಳಿದವನಲ್ಲ,
ತಾರೀಖು ಮಾತ್ರ ಮರೆತವನಲ್ಲ.
ಕಾರ್ಪೊರೇಟರಾದ. ಮಂತ್ರಿಯಾದ.
ಹುಟ್ಟುಹಬ್ಬಕ್ಕೆ ಮೂರು ದಿನ ಎಲೆ ಹಾಕಿಸಿದ,
ಮಾರ್ಕೆಟ್ಟಿನ ಹಮಾಲರು ನಾಲ್ಕನೆಯ ದಿನವೂ ಬಂದು ಕಾದರು.

ಸಂಜೆ ಕಾಲೇಜಿನ ವಾಮನಮೂರ್ತಿ ಮೇಷ್ಟ್ರು
ಉಂಗುರ ಸಡಿಲಿಸಲು ಬಂದು ಕೂತವರು ಒಮ್ಮೆ ಹೇಳಿದ್ದರು:
"ರೋಮಿನಲ್ಲೂ ಒಬ್ಬನಿದ್ದನಯ್ಯಾ, ಉರಿಯುವ ಮನೆ ಕೊಳ್ಳುವವನು.
ಎಲ್ಲ ಇತ್ತು, ದಂಡು ಗೆದ್ದವನೆಂಬ ಹೆಸರೊಂದಿರಲಿಲ್ಲ.
ಅರುವತ್ತರ ಅರಳುಮರಳಿನಲ್ಲಿ ಮೂಡಣ ಮರಳಿಗೆ ಹೋದ.
ಮಗನ ತಲೆಯನ್ನು ಈಟಿಯ ತುದಿಯಲ್ಲಿ ಕಂಡ.
ಕೊನೆಗೆ ಅವನ ಬಾಯಿಗೆ
ಕರಗಿಸಿದ ಚಿನ್ನ ಹೊಯ್ದರಂತೆ, ಕುಡಿ ಅಂತ."
"ಎಷ್ಟು ತೊಲ ಹಿಡಿದಿರಬಹುದು ಸಾರ್?" ಅಂದೆ.
ಮೇಷ್ಟ್ರು ನಕ್ಕರು.
ನಾನು ನಿಜವಾಗಿಯೇ ಕೇಳಿದ್ದೆ.

ಪಿಳ್ಳಪ್ಪನಿಗೂ ಪೇಟೆ ಸಾಲದಾಯಿತು.
ಡೆಲ್ಲಿಯ ಆಸೆಗೆ, ಗುರುತಿಲ್ಲದ ಬಿಸಿಲು ಜಿಲ್ಲೆಯಲ್ಲಿ ನಾಮಪತ್ರ.
ಅಲ್ಲಿಯವರು ದುಡ್ಡು ತೆಗೆದುಕೊಂಡರು,
ಓಟು ಇಟ್ಟುಕೊಂಡರು.
ಕಾರಿನ ಸಾಲಿನಲ್ಲಿ ಹೋದವರು ಕೆಂಪು ಬಸ್ಸು ಹತ್ತಿ ವಾಪಸಾದರು.
ಮೆಜೆಸ್ಟಿಕ್ಕಿನಲ್ಲಿ ಇಳಿದರೆ, ಕಂಬದ ಮೇಲೆ
ಮಗನ ಮುಖ,
ಎದುರು ಪಕ್ಷದ ಫ್ಲೆಕ್ಸಿನಲ್ಲಿ ಕೈ ಮುಗಿದು ನಗುತ್ತಿತ್ತು.

ದಾಳಿಯ ರಾತ್ರಿ ತೂಗಲು ನನ್ನನ್ನೂ ಕರೆದಿದ್ದರು.
ತಟ್ಟೆ ತಟ್ಟೆ ತೂಗಿದೆ.
ಒಂದು ಡಾಬಿನ ಒಳಮೈಯಲ್ಲಿ ಅಪ್ಪನ ಮುದ್ರೆಯಿತ್ತು;
ಮೂವತ್ತೊಂದು ತೊಲ ಅಂತ ಕೂಗಿ ಪಕ್ಕಕ್ಕಿಟ್ಟೆ.
ಸೋಫಾದಲ್ಲಿ ಅವನು, ಬಾಯಿ ಎಡಕ್ಕೆ ಸೊಟ್ಟಗಾಗಿ,
ನನ್ನ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದ.
ಅದು ಸ್ವಲ್ಪ ವಾಲಿದರೂ ಅವನಿಗೆ ಗೊತ್ತಾಗುತ್ತಿತ್ತು.

ಈಗ ಒಂದು ತಟ್ಟೆಗೆ ಗುಲಗಂಜಿ,
ಇನ್ನೊಂದಕ್ಕೆ ಮುರಿದ ನತ್ತಿನ ತುಣುಕು.
"ಎಷ್ಟಾಯ್ತು?" ಅಂದ ಆಳು.
ಎಂಬತ್ತು ಸಾವಿರ ಅನ್ನಬೇಕೆನಿಸಿತು.
ಆಮೇಲೆ ಐವತ್ತು.
ಅವನು ಜೇಬು ತಡಕುತ್ತ ನಿಂತಿದ್ದ,
ಅವನ ಸ್ವಂತ ಜೇಬು.

ಚೀಟಿಯಲ್ಲಿ ಕಟ್ಟಿ ಕೊಟ್ಟೆ.
"ಮೊದಲು ನೀರು ಬಿಡಿ. ಒಣಬಾಯಿಗೆ ಚಿನ್ನ ಅಂಟಿಕೊಳ್ಳುತ್ತೆ."

ಲೆಕ್ಕದ ಪುಸ್ತಕದಲ್ಲಿ ಬರೆದೆ:
ಪಿಳ್ಳಪ್ಪ, ಒಂದು ಗುಂಜಿ, ಬಾಕಿ.
ಈ ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳಬೇಕು.