ಬಿಸಿಯ ಚಿಹ್ನೆ

ಏಳು ವರ್ಷ ಹಲಗೆಯ ಮೇಲೆ ಬರೆದು ಅಳಿಸಿದ್ದನ್ನು
ಫ್ಯೊರೆಂಜಾ ಇವತ್ತು ಮುಟ್ಟಿ ನೋಡಲು ಬಂದಿದ್ದಾಳೆ.
ಪಾವಿಯಾದ ಮಂಜು ತಿಚಿನೊ ಹೊಳೆಯಿಂದೆದ್ದು
ನೆಲಮಾಳಿಗೆಯ ಕಿಟಕಿಗೂ ಮೂಗು ಒತ್ತಿದೆ.
ಎರ್ಮೆಸ್ ಗೇಜನ್ನು ಬೆರಳಲ್ಲಿ ತಟ್ಟಿ, ಬೈದು,
ಕವಾಟ ತಿರುವುತ್ತಾನೆ:
"ಬಂದಾಗ ಒಂದೇ ಗಟ್ಟಿ ಇತ್ತು, ಪ್ರೊಫೆಸರೇ.
ಜಲಜನಕ ಕುಡಿದು ಕಕ್ಕಿ, ಕುಡಿದು ಕಕ್ಕಿ,
ಉಬ್ಬಿ, ಬಿರಿದು, ಈಗ ಕಾಫಿಪುಡಿ."

ಅವಳ ಸಮೀಕರಣದಲ್ಲಿ ಬಿರುಕಿಗೆ ಜಾಗವಿಲ್ಲ.
ಅಲ್ಲಿ ಲೋಹ ನಯ, ಅಂಚು ನಯ,
ಆರಂಭದ ಸ್ಥಿತಿ ಹೇಳಿದ ಮಾತು ಕೇಳುತ್ತದೆ.

ಮುಳ್ಳು ಏರಿತು, ಏರಿ ನಿಂತುಬಿಟ್ಟಿತು.
ಅನಿಲ ಒಳಹೋಗುತ್ತಲೇ ಇದೆ, ಮುಳ್ಳು ಮಾತ್ರ ಅಲುಗದು:
ಒಳಗೆ ಕಣಕಣವೂ ಸರದಿಯಲ್ಲಿ
ಮನಸ್ಸು ಬದಲಿಸುತ್ತಿದೆ.
"ತೆಗೆದುಕೊಂಡ ಒತ್ತಡಕ್ಕೆ ವಾಪಸು ಕೊಡುವುದಿಲ್ಲ ಇದು,
ಇನ್ನೂ ಇಳಿಸಿ ಅನ್ನುತ್ತೆ.
ನನ್ನ ಹಳೇ ಮೋಟರ್‌ಸೈಕಲ್ ಕೊಂಡವನ ಹಾಗೆ."
ನಕ್ಕಳು. ಆ ಎರಡು ದಾರಿಗಳ ನಡುವಿನ ಹೊಲವನ್ನೇ
ಅವಳು ಏಳು ವರ್ಷ ಉತ್ತದ್ದು.
ಪರಿಹಾರ ಇದೆ ಎಂದು ಸಾಧಿಸಿದ್ದಾಳೆ,
ಒಂದೇ ಇದೆ ಎಂದು ಇನ್ನೂ ಇಲ್ಲ.
ಮೂವತ್ತೊಂದನೆಯ ಪುಟದ ಒಂದು ಅಸಮಾನತೆ
ಎರಡು ಚಳಿಗಾಲದಿಂದ ಬಗ್ಗುತ್ತಿಲ್ಲ.

ಕೈಗವಸು ಕಳಚಿ ಡಬ್ಬಿಗೆ ಅಂಗೈ ಇಟ್ಟಳು.
ಬೆಚ್ಚಗಿತ್ತು,
ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯಷ್ಟು.
ಗೊತ್ತಿತ್ತು. ಶಾಖದ ಸಾಲಿನಲ್ಲಿ
ತಾನೇ ಬರೆದ ಕೂಡು ಚಿಹ್ನೆಯದು.
ಒಮ್ಮೆ ಅದು ಕಳೆ ಎಂದು ತಪ್ಪಿ
ಇಡೀ ಬೇಸಿಗೆ ವ್ಯರ್ಥವಾಗಿತ್ತು.
ಅಂಗೈಗೆ ಮಾತ್ರ ಗೊತ್ತಿರಲಿಲ್ಲ.

ಕಿಟಕಿಯಾಚೆ ಊಟದ ಗಂಟೆ. ಎರ್ಮೆಸ್ ಕೇಳಿದ:
"ಇನ್ನು ಬಿಡಲೇ?"
ಬಿಟ್ಟರೆ ತಣ್ಣಗಾಗುತ್ತದೆ,
ಅದಕ್ಕೂ ಒಂದು ಸಾಲಿದೆ.
"ತಾಳಿ," ಎಂದಳು.
"ಸ್ವಲ್ಪ ತಾಳಿ."