ಉರ್ಪೊನ ಮಂಡಿ

ಮೊದಲ ಕ್ಯಾಸೆಟ್ಟಿನ ಆ ವೇಗಕ್ಕೆ
ಕೋಪ ಕಾರಣವೆಂದು ಬರೆದರು. ಚಳಿ ಕಣಯ್ಯಾ, ಚಳಿ.
ಫಿನ್ಲೆಂಡಿನ ಕೆಮಿ, ಆಲೂಗಡ್ಡೆಯ ನೆಲಮಾಳಿಗೆ,
ಆಚೆ ಕಾಗದದ ಗಿರಣಿ, ಹೆಪ್ಪುಗಟ್ಟಿದ ಕಡಲು;
ನಿಂತರೆ ಬೆರಳು ಮರಗಟ್ಟುತ್ತಿತ್ತು,
ಅದಕ್ಕೇ ನಿಲ್ಲಲಿಲ್ಲ.

ಇಲಾರಿ ಅರಚುವುದು ಬಿಟ್ಟು ಹಾಡತೊಡಗಿದ.
ಮಾರಿಕೊಂಡರೆಂದು ಟೋರ್ನಿಯೊದಲ್ಲಿ ಬಾಟಲಿ ಎಸೆದರು.
ಅವನ ಹಸುಗೂಸು ಪಕ್ಕದ ಕೋಣೆಯಲ್ಲಿ
ಆಗಷ್ಟೇ ಕಣ್ಣು ಮುಚ್ಚಿತ್ತು.

ಆಮೇಲೆ ಹಿಮದಲ್ಲಿ ಜಾರಿ ಉರ್ಪೊನ ಎಡಮಂಡಿ ಹೋಯಿತು.
ಎರಡು ಪೆಡಲ್ಲಿನ ಗುಡುಗು ಒಂದಾಯಿತು,
ಆ ಒಂದೂ
ಶವಪೆಟ್ಟಿಗೆಗೆ ಮೊಳೆ ಹೊಡೆದಂತೆ
ಯೋಚಿಸಿ ಯೋಚಿಸಿ ಬೀಳತೊಡಗಿತು.
ಪತ್ರಿಕೆಗಳು ಪಕ್ವತೆ ಎಂದವು, ಸಾವಿನ ದರ್ಶನ ಎಂದವು.
ಮುಲಾಮು ಹಚ್ಚಿಕೊಳ್ಳುತ್ತ ಓದಿದ ಉರ್ಪೊ,
ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ.

ಮೊನ್ನೆ ಹಿಂದಿನಿಂದ ಯಾರೋ ಕೂಗಿದರು: ಮೊದಲನೆಯದು!
ನುಡಿಸಿದೆವು, ಈಗಿನ ಮಂಡಿಯ ನಡಿಗೆಯಲ್ಲಿ.
ಮೂರನೆಯ ಸಾಲಿಗೆ ಬಂದಾಗ
ನನ್ನ ಬೇಸ್ ಗಿಟಾರಿನದೊಂದು ಅಪಸ್ವರ
ಬೆತ್ತಲೆ ನಿಂತಿತ್ತು,
ಮೂವತ್ತು ವರ್ಷ ವೇಗದ ಕಂಬಳಿ ಹೊದ್ದು ಮಲಗಿದ್ದದ್ದು.

ಇಲಾರಿ ತಿರುಗಿ ನೋಡಿದ.
ನಾನು ತಿದ್ದಲಿಲ್ಲ.
ಮರುಸಲ ಆ ಸಾಲು ಬಂದಾಗ
ಅವನೂ ತುಸು ಸರಿದು
ಅದರ ಪಕ್ಕದಲ್ಲೇ ನಿಂತು ಹಾಡಿದ.