ಪೆಡಲು ಇರಲಿ

ಜುನಾ ಬಜಾರಿನ ಬುಧವಾರ, ಬೀಗದ ಕೈಗಳ ಗುಡ್ಡೆಯ ಪಕ್ಕ
ಗಾಲಿಯಿಲ್ಲದೆ ಮಲಗಿತ್ತು ಈ ಚೌಕಟ್ಟು.
ಎಂಟುನೂರು ಅಂದ. ಆರುನೂರಕ್ಕೆ ಹೆಗಲೇರಿತು.

ಕೊರಳಲ್ಲಿನ್ನೂ ಪುಣೆ ಮುನಸಿಪಾಲ್ಟಿಯ ಹಿತ್ತಾಳೆ ಬಿಲ್ಲೆ.
ಯಾರೋ ಒಬ್ಬ ಸೈಕಲ್ಲಿಗೂ ತೆರಿಗೆ ಕಟ್ಟಿದ್ದಾನೆ.

ಇಂಜಿನ್ನು ಬಂದದ್ದು ಸಾಂಗೋಲೆಯಿಂದ,
ದಾಳಿಂಬೆಗೆ ಔಷಧಿ ಹೊಡೆದು ದಣಿದ ಪಂಪಿನದು.
ಎಷ್ಟು ತೊಳೆದರೂ ಗಂಧಕದ ವಾಸನೆ.

"ವೆಲ್ಡಿಂಗ್ ಬ್ಯಾಡ," ಅಂದ ಖಡಕಿಯ ಇಲಾಹಿ ಮಿಸ್ತ್ರಿ,
"ತೆಳು ಕೊಳವಿ, ಬಿಸಿಗೆ ಮುನಿಸ್ಕೋತದ.
ಪಟ್ಟಿ ಹಾಕಿ ಬಿಗಿ. ಮತ್ತ,
ಪೆಡಲ್ ಮಾತ್ರ ಕೀಳಬ್ಯಾಡ."

ಹಳೇ ಟ್ಯೂಬು ಕತ್ತರಿಸಿ ಸುತ್ತಿದೆ. ನಾಲ್ಕು ಬೋಲ್ಟು.
ಹಿಂಗಾಲಿಯ ನಲವತ್ತು ಕಡ್ಡಿಗಳ ನಡುವೆ
ಹಲ್ಲುಚಕ್ರ ನೆಟ್ಟಗೆ ಕೂರಲು ಮೂರು ಭಾನುವಾರ.

ಟ್ಯಾಂಕಿಗೆ ಜಾಗ ಹುಡುಕುವಾಗ ಕಂಡದ್ದು:
ಮೇಲಿನ ಕೊಳವೆಯಲ್ಲಿ ಬಣ್ಣ ಸವೆದ ಎರಡು ಉಂಗುರ,
ಗೇಣು ಅಂತರ.
ಯಾವುದೋ ಪುಟ್ಟ ಸೀಟು ಕಟ್ಟಿದ್ದರು.
ಅಲ್ಲೇ ಕೂರಿಸಿದೆ. ಬೇರೆ ಜಾಗ ಇರಲಿಲ್ಲ.

ಈಗ ಕಾತ್ರಜ್ ಏರಿನಲ್ಲಿ ಇಂಜಿನ್ನು ಕೆಮ್ಮಿ ನಿಂತಾಗ
ಎದ್ದು ನಿಂತು ತುಳಿಯುತ್ತೇನೆ,
ಲಾರಿಯವರು ನಗುತ್ತಾರೆ,
ಮೊಣಕಾಲುಗಳ ನಡುವೆ ಅರ್ಧ ಲೀಟರು ಪೆಟ್ರೋಲು
ತುಳುಕುತ್ತದೆ, ಇನ್ನೆಷ್ಟು ದೂರ,
ಇನ್ನೆಷ್ಟು ದೂರ.